ಹದಿನೆಂಟು ವರ್ಷ ವಸತಿ ಸಂಸ್ಥೆಯಲ್ಲಿದ್ದವರು ಊರಿಗೆ ಬರುತ್ತಿದ್ದಾರೆ: ನರ್ಸ್ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಚಿಂತಾಮಣಿ ತಾಲ್ಲೂಕಿನ ಆಯುಷ್ಮಾನ್ ಆರೋಗ್ಯ ಮಂದಿರವೊಂದರಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೇನೆ, ಓದಿದ್ದು ಬಿ.ಎಸ್ಸಿ. ನರ್ಸಿಂಗ್. ನಮ್ಮ ವ್ಯಾಪ್ತಿಯ ಹಳ್ಳಿಯ 32 ವರ್ಷದ ಯುವಕನೊಬ್ಬ 14ನೇ ವಯಸ್ಸಿನಿಂದ ಬೆಂಗಳೂರಿನ ವಸತಿ ಸಂಸ್ಥೆಯೊಂದರಲ್ಲಿದ್ದಾನೆ. ಮಧ್ಯಮ ಪ್ರಮಾಣದ ಬೌದ್ಧಿಕ ವಿಕಲತೆ, ಜೊತೆಗೆ ಫಿಟ್ಸ್. ಫಿಟ್ಸ್‌ಗೆ ವಾಲ್ಪ್ರೊಯೇಟ್, ಫೆನಿಟಾಯಿನ್, ಮನೋವೈದ್ಯರು ಬರೆಯುವ ರಿಸ್ಪೆರಿಡೋನ್, ಅದರ ಅಡ್ಡಪರಿಣಾಮ ತಗ್ಗಿಸಲು ಕೊಡುವ ಟ್ರೈಹೆಕ್ಸಿಫೆನಿಡಿಲ್ ನಡೆಯುತ್ತಿವೆ. ಮುಂದಿನ ತಿಂಗಳು ಮನೆಗೆ ಕಳಿಸುತ್ತೇವೆ, ಹದಿನೈದು ದಿನದ ಮಾತ್ರೆ ಕೊಡುತ್ತೇವೆ ಎಂದು ಸಂಸ್ಥೆಯವರು ತಿಳಿಸಿದ್ದಾರೆ. ಮನೆಯಲ್ಲಿ ಅರವತ್ತು ದಾಟಿದ ತಾಯಿ, ಅಣ್ಣ, ಅತ್ತಿಗೆ, ಇಬ್ಬರು ಮಕ್ಕಳು. ನಾನು ಏನೇನು ಸಿದ್ಧ ಮಾಡಿಕೊಳ್ಳಬೇಕು?

ಉತ್ತರ: ಮೊದಲು ದಿನಾಂಕ ಮುಂದೂಡಿಸಿ. ಒಂದು ತಿಂಗಳು ಸಾಲದು, ಆರರಿಂದ ಎಂಟು ವಾರ ಬೇಕು. ಮನೆಗೆ ಬರುವುದೇ ತಪ್ಪು ಎಂದಲ್ಲ. ಕುಟುಂಬದ ಜೊತೆ, ಊರಿನ ಜನರ ನಡುವೆ ಬಾಳುವುದು ಆತನ ಹಕ್ಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ಅವಸರದಲ್ಲಿ ಸಾಗಹಾಕಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಲೈಫ್ ಎಸಿಡಿಮೆನಿ ಪ್ರಕರಣವಿದೆ. 2015-16ರಲ್ಲಿ ಅಲ್ಲಿನ ಗೌಟೆಂಗ್ ಪ್ರಾಂತ್ಯದಲ್ಲಿ ಮಾನಸಿಕ ಕಾಯಿಲೆ ಮತ್ತು ಬೌದ್ಧಿಕ ವಿಕಲತೆ ಇದ್ದ ಸಾವಿರಕ್ಕೂ ಹೆಚ್ಚು ಜನರನ್ನು ದೊಡ್ಡ ಸಂಸ್ಥೆಯಿಂದ ಸಣ್ಣಪುಟ್ಟ ಕೇಂದ್ರಗಳಿಗೆ ತರಾತುರಿಯಲ್ಲಿ ಸಾಗಿಸಿದರು. 144 ಜನ ಸತ್ತರು. ಹಲವರ ಜೊತೆ ದಾಖಲೆ ಹೋಗಿರಲಿಲ್ಲ, ಸಾಕಷ್ಟು ಔಷಧಿಯೂ ಹೋಗಿರಲಿಲ್ಲ. ಊಟ ನೀರಿಲ್ಲದೆ ಸೊರಗಿ ಹೋದವರೂ ಅವರಲ್ಲಿದ್ದರು.

ಇಂಥ ಸ್ಥಳಾಂತರಗಳು ಕೆಡುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ. ಆತನ ಬಗ್ಗೆ ತಿಳಿದಿರುವ ಸಂಗತಿ ಫೈಲಿನಲ್ಲಿರುವುದಿಲ್ಲ, ದಿನವೂ ಸ್ನಾನ ಮಾಡಿಸುವ, ಉಣಿಸುವ ಆಯಾಗಳ ತಲೆಯಲ್ಲಿರುತ್ತದೆ. ವಾಹನದಲ್ಲಿ ಆತ ಬರುತ್ತಾನೆ, ಆ ತಿಳಿವಳಿಕೆ ಅಲ್ಲೇ ಉಳಿದುಬಿಡುತ್ತದೆ. ಅದನ್ನು ಊರಿಗೆ ತರುವುದೇ ನಿಮ್ಮ ಮೊದಲ ಕೆಲಸ. ಸಾಧ್ಯವಾದರೆ ಅಣ್ಣನನ್ನೋ ಅತ್ತಿಗೆಯನ್ನೋ ಕರೆದುಕೊಂಡು ಖುದ್ದಾಗಿ ಹೋಗಿ. ಆಫೀಸಿನಲ್ಲಿ ಕೂತು ಫೈಲು ತಿರುವಿ ಬರಬೇಡಿ. ಸ್ನಾನ ಮಾಡಿಸುವವರು, ಅಡುಗೆಯವರು, ರಾತ್ರಿ ಪಾಳಿಯವರು, ಈ ಮೂವರನ್ನು ಬಿಡಿಬಿಡಿಯಾಗಿ ಮಾತಾಡಿಸಿ. ರಾತ್ರಿ ಪಾಳಿಯವರನ್ನು ಯಾರೂ ಕೇಳುವುದಿಲ್ಲ. ನಿದ್ದೆಯಲ್ಲಿ ಬರುವ ಫಿಟ್ಸ್ ಅವರಿಗೆ ಮಾತ್ರ ಗೊತ್ತಿರುತ್ತದೆ. "ಎಲ್ಲ ಚೆನ್ನಾಗಿದೆಯಾ" ಎಂದು ಕೇಳಿದರೆ ಚೆನ್ನಾಗಿದೆ ಎಂಬ ಉತ್ತರವೇ ಸಿಗುತ್ತದೆ. "ಹಲ್ಲು ನೋವಾದಾಗ ಏನು ಮಾಡ್ತಾನೆ? ಕಕ್ಕಸಿಗೆ ಹೋಗಬೇಕೆಂದು ಹೇಗೆ ತಿಳಿಸ್ತಾನೆ? ಯಾವ ಶಬ್ದಕ್ಕೆ ಬೆಚ್ಚುತ್ತಾನೆ? ಯಾರ ಪಕ್ಕ ಕೂತರೆ ಊಟ ಮಾಡ್ತಾನೆ?" ಎಂದು ಕೇಳಿ.

ಸಿಕ್ಕಿದ್ದನ್ನೆಲ್ಲ ಒಂದೇ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಮೂರು ಪ್ರತಿ ಮಾಡಿ: ಮನೆಗೊಂದು, ನಿಮಗೊಂದು, ಆಸ್ಪತ್ರೆಗೆ ಹೋಗುವಾಗ ಒಯ್ಯುವ ಚೀಲಕ್ಕೊಂದು. ಬರವಣಿಗೆ ಹೀಗಿರಲಿ:

"ನೀರು ಬೇಕಾದರೆ ಲೋಟ ತಂದು ಕೈಗೆ ಕೊಡುತ್ತಾನೆ. ಹೊಟ್ಟೆ ನೋವಿದ್ದರೆ ಎಡಗೈ ಕಚ್ಚಿಕೊಂಡು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾನೆ. ಮಾತ್ರೆಯನ್ನು ಬಾಳೆಹಣ್ಣಿನಲ್ಲಿಟ್ಟು ಕೊಟ್ಟರೆ ನುಂಗುತ್ತಾನೆ, ಬರೀ ನೀರಿನಲ್ಲಿ ಕೊಟ್ಟರೆ ಕೆನ್ನೆಯಲ್ಲಿಟ್ಟುಕೊಂಡು ಆಮೇಲೆ ಉಗುಳುತ್ತಾನೆ. ಫಿಟ್ಸ್ ಬರುವ ಮುಂಚೆ ಬಲಗೈ ಬೆರಳು ಉಜ್ಜುತ್ತಾನೆ. ಮಿಕ್ಸಿ ಶಬ್ದ ಸಹಿಸುವುದಿಲ್ಲ."

ಕೆನ್ನೆಯಲ್ಲಿ ಮಾತ್ರೆ ಉಳಿಸಿಕೊಳ್ಳುವ ಆ ಒಂದು ಸಾಲು ತಪ್ಪಿಹೋದರೆ ವಾರದೊಳಗೆ ಫಿಟ್ಸ್ ಮರುಕಳಿಸುತ್ತದೆ, ಮನೆಯವರು ಊರಿನ ಹವೆ ಒಗ್ಗಲಿಲ್ಲ ಅಂದುಕೊಳ್ಳುತ್ತಾರೆ.

ಭಾಷೆಯನ್ನೂ ಗಮನಿಸಿ. ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಸಂಸ್ಥೆಯಲ್ಲಿ ಕನ್ನಡವೋ ತಮಿಳೋ ನಡೆದಿರಬಹುದು. ಊಟ, ನೀರು, ಕಕ್ಕಸು, ನೋವು, ಸಾಕು ಎಂಬುದಕ್ಕೆ ಆತ ಅಲ್ಲಿ ಯಾವ ಪದ, ಯಾವ ಕೈಸನ್ನೆ ಬಳಸುತ್ತಿದ್ದನೋ ಅದನ್ನೇ ಮನೆಯವರು ಕಲಿಯಬೇಕು. ಆತ ಹೊಸದನ್ನು ಕಲಿಯಲಿ ಎಂದು ಕಾಯುವುದು ಬೇಡ.

ಬೆಂಗಳೂರಿನಲ್ಲಿರುವಾಗಲೇ ಮುಗಿಸಬೇಕಾದ ಪರೀಕ್ಷೆಗಳಿವೆ. ರಕ್ತ (ಲಿವರ್, ಪ್ಲೇಟ್‌ಲೆಟ್, ಸಕ್ಕರೆ), ಕಣ್ಣು, ಕಿವಿ, ಹಲ್ಲು. ಫೆನಿಟಾಯಿನ್ ವರ್ಷಗಟ್ಟಲೆ ತಿಂದವರಲ್ಲಿ ಒಸಡು ಊದಿ ಹಲ್ಲಿನ ಮೇಲೆ ಬೆಳೆದಿರುವುದು ಸಾಮಾನ್ಯ. ಹಳ್ಳಿಗೆ ಬಂದ ಮೇಲೆ ದಂತವೈದ್ಯರ ಹತ್ತಿರ ಕರೆದೊಯ್ಯುವುದು ಒಂದು ದಿನದ ಕೂಲಿ ಕಳೆದುಕೊಳ್ಳುವ ಕೆಲಸ, ಹಾಗಾಗಿ ಅದು ಆಗುವುದೇ ಇಲ್ಲ. ಗುಂಪಾಗಿ ಬದುಕಿದವರಾದ್ದರಿಂದ ಹೆಪಟೈಟಿಸ್ ಬಿ ಮತ್ತು ಕ್ಷಯದ ತಪಾಸಣೆಯೂ ಬೇಕು. ಕಜ್ಜಿ ಇದೆಯೇ ನೋಡಿ. ಇದ್ದರೆ ಬರುವ ಮೊದಲೇ ವಾಸಿಯಾಗಲಿ, ಇಲ್ಲವಾದರೆ ಇಡೀ ಮನೆಗೆ ಹತ್ತುತ್ತದೆ, ಅತ್ತಿಗೆಯ ಮನಸ್ಸು ಮೊದಲ ವಾರವೇ ಮುರಿಯುತ್ತದೆ. (ನಿಮ್ಮ ವ್ಯಾಪ್ತಿಯಲ್ಲಿ ಡೌನ್ ಸಿಂಡ್ರೋಮ್ ಇರುವವರಿದ್ದರೆ ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ ಮರೆಯಬೇಡಿ.)

ಇನ್ನು ಮಾತ್ರೆ. ಹದಿನೈದು ದಿನದ ಮಾತ್ರೆ ಏತಕ್ಕೂ ಸಾಲದು. ಕನಿಷ್ಠ 30 ದಿನದ್ದು ಕೈಯಲ್ಲಿರಬೇಕು, ಇನ್ನೊಂದು ತಿಂಗಳಿನದಕ್ಕೆ ಚೀಟಿ ಇರಬೇಕು. ಎಣಿಸಿಯೇ ತೆಗೆದುಕೊಳ್ಳಿ: ದಿನಕ್ಕೆರಡು ವಾಲ್ಪ್ರೊಯೇಟ್ ಆದರೆ 60, ರಾತ್ರಿ ಮೂರು ಫೆನಿಟಾಯಿನ್ ಆದರೆ 90. ಚೀಟಿಯಲ್ಲಿ ಔಷಧಿಯ ಹೆಸರಿನ ಜೊತೆ ಮಿಲಿಗ್ರಾಂ, ಹೊತ್ತು, ಯಾವ ಕಾರಣಕ್ಕೆ, ಯಾವಾಗಿನಿಂದ ಎಂಬುದೂ ಇರಲಿ. ಆತ ಬರುವ ಮೊದಲೇ ಆ ಚೀಟಿಯನ್ನು ನಿಮ್ಮ ಪಿಎಚ್‌ಸಿಯ ಫಾರ್ಮಸಿಸ್ಟ್‌ಗೆ ತೋರಿಸಿ ಯಾವುದು ಸ್ಟಾಕಿನಲ್ಲಿದೆ, ಯಾವುದಕ್ಕೆ ಇಂಡೆಂಟ್ ಹಾಕಬೇಕು ಕೇಳಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್‌ಗೆ ಮೊದಲ ಭೇಟಿ ಯಾವತ್ತು ಎಂಬುದನ್ನೂ ಈಗಲೇ ಗೊತ್ತು ಮಾಡಿಕೊಳ್ಳಿ.

ಫೆನಿಟಾಯಿನ್ ವಿಷಯದಲ್ಲಿ ಕಂಪನಿ ಬದಲಿಸಬೇಡಿ. ಪ್ರಮಾಣ ಸ್ವಲ್ಪ ಹೆಚ್ಚಿದರೂ ರಕ್ತದಲ್ಲಿನ ಮಟ್ಟ ಒಮ್ಮೆಲೇ ಏರುವ ಔಷಧಿ ಅದು. ಕುಡಿದವರ ಹಾಗೆ ತೂರಾಡುವುದು, ತೊದಲುವುದು, ಕಣ್ಣುಗುಡ್ಡೆ ಅತ್ತಿತ್ತ ನಡುಗುವುದು ಕಂಡರೆ ಆ ದಿನವೇ ವೈದ್ಯರಿಗೆ ತಿಳಿಸಿ. ಜೊತೆಗೆ ವಾಲ್ಪ್ರೊಯೇಟ್ ಇರುವುದರಿಂದ ರಕ್ತದ ರಿಪೋರ್ಟಿನಲ್ಲಿ ಫೆನಿಟಾಯಿನ್ ಮಟ್ಟ ಸರಿಯಾಗಿಯೇ ಕಂಡರೂ ವಿಷಲಕ್ಷಣ ಇರಬಹುದು. ರಿಪೋರ್ಟಿಗಿಂತ ನಡಿಗೆಯನ್ನು ನಂಬಿ. ವಾಲ್ಪ್ರೊಯೇಟ್ ಗಾಳಿಯ ತೇವ ಹೀರುತ್ತದೆ. ವಾರದ ಡಬ್ಬಿಗೆ ತುಂಬಿಡುವುದು ಚೆಂದ ಕಾಣುತ್ತದೆ, ಆದರೆ ಮಾತ್ರೆ ಜಿಗುಟಾಗಿ ಕೆಡುತ್ತದೆ. ಸ್ಟ್ರಿಪ್ಪನ್ನೇ ಕತ್ತರಿಯಲ್ಲಿ ಒಂದೊಂದಾಗಿ ಕತ್ತರಿಸಿ ಹಾಕಿ, ಕೊಡುವಾಗ ಬಿಡಿಸಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾದರೆ ಪುಡಿ ಮಾಡಬಾರದು. ನುಂಗಲಾರದಿದ್ದರೆ ಸಿರಪ್ ಬರೆದುಕೊಡುವಂತೆ ವೈದ್ಯರನ್ನು ಕೇಳಿ. ಇದೇ ವಾಲ್ಪ್ರೊಯೇಟ್ ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ನಡೆಯುತ್ತಿದ್ದರೆ, ಬುದ್ಧಿ ಬೆಳೆದಿಲ್ಲ, ಅವಳಿಗೇಕೆ ಎಂದು ಬಿಡದೆ ಬದಲಿ ಔಷಧಿಯ ಬಗ್ಗೆ ತಜ್ಞರನ್ನು ಕೇಳಲೇಬೇಕು. ಗರ್ಭದ ಶಿಶುವಿಗೆ ಅದರಿಂದ ಹಾನಿ.

ರಿಸ್ಪೆರಿಡೋನ್ ಯಾಕೆ ಶುರುವಾಯಿತು ಎಂದು ಸಂಸ್ಥೆಯವರನ್ನು ಕೇಳಿದರೆ "ಗಲಾಟೆ ಮಾಡ್ತಿದ್ದ" ಎಂದಷ್ಟೇ ಉತ್ತರ ಬರಬಹುದು. ಎಷ್ಟೋ ವರ್ಷದ ಹಿಂದಿನ ಗಲಾಟೆಗೆ ಇಂದಿಗೂ ಮಾತ್ರೆ ನುಂಗುತ್ತಿರುವವರು ಕಡಿಮೆಯಿಲ್ಲ. ಹಾಗೆಂದು ಮನೆ ಬದಲಾಗುವ ಹೊತ್ತಿನಲ್ಲಿ ನಿಲ್ಲಿಸುವುದು ಬೇಡ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ತಿಂಗಳು ನೆಲೆ ನಿಂತ ಮೇಲೆ ಮನೋವೈದ್ಯರ ಮುಂದೆ ಇಡಿ. ಫಿಟ್ಸ್ ಮಾತ್ರೆಯನ್ನಂತೂ ಯಾರೂ, ಯಾವ ಹರಕೆಗೂ, ಒಂದು ಹೊತ್ತೂ ತಪ್ಪಿಸಬಾರದು. ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೋಗುತ್ತೇವೆ ಎಂದರೆ ಬೇಡ ಎನ್ನಬೇಡಿ. ಮಾತ್ರೆ ಚೀಲದಲ್ಲಿರಲಿ, ಉಪವಾಸ ಬೇಡ, ರಾತ್ರಿ ನಿದ್ದೆ ಕೆಡಿಸಬೇಡಿ ಎಂದು ಹೇಳಿ ಕಳಿಸಿ.

ಹೊಸ ಜಾಗದಲ್ಲಿ ಮೊದಲ ಕೆಲವು ವಾರ ಫಿಟ್ಸ್ ಹೆಚ್ಚಾಗುವುದುಂಟು. ನಿದ್ದೆಗೇಡು, ತಪ್ಪಿದ ಮಾತ್ರೆ, ಜ್ವರ, ಈ ಮೂರನ್ನು ಮೊದಲು ಹುಡುಕಿ. ಮನೆಯವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಮನೆಯ ಮಕ್ಕಳಲ್ಲಿ ದೊಡ್ಡವರನ್ನು ಮಲಗಿಸಿ ಮಾಡಿ ತೋರಿಸಿ: ಪಕ್ಕಕ್ಕೆ ಹೊರಳಿಸುವುದು, ತಲೆ ಕೆಳಗೆ ಟವೆಲ್, ಗಡಿಯಾರ ನೋಡುವುದು. ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಹಾಕುವುದು ಯಾವುದೂ ಬೇಡ. ಐದು ನಿಮಿಷ ದಾಟಿದರೆ ಮೂಗಿಗೆ ಫಿಟ್ಸ್ ನಿಲ್ಲಿಸುವ ಮಿಡಜೋಲಾಂ ಸ್ಪ್ರೇ, 108ಕ್ಕೆ ಫೋನು. ಸ್ಪ್ರೇ ಎಷ್ಟು ಪಫ್ ಎಂಬುದನ್ನು ವೈದ್ಯರಿಂದ ಬಾಟಲಿಯ ಮೇಲೆಯೇ ಬರೆಸಿ, ಏಕೆಂದರೆ ಬಾಟಲಿಗಳು ಒಂದೇ ತರಹ ಇರುವುದಿಲ್ಲ. ಕೆ.ಜಿ.ಗೆ 0.2 ಮಿ.ಗ್ರಾಂ. ಲೆಕ್ಕದಲ್ಲಿ 50 ಕೆ.ಜಿ. ತೂಕದವರಿಗೆ 10 ಮಿ.ಗ್ರಾಂ. ಪಫ್‌ಗೆ 0.5 ಮಿ.ಗ್ರಾಂ. ಬರುವ ಬಾಟಲಿಯಾದರೆ ಅದು 20 ಪಫ್, 1.25 ಬರುವುದಾದರೆ 8. ಒಂದಕ್ಕೆ ಕಲಿಸಿದ ಲೆಕ್ಕ ಇನ್ನೊಂದಕ್ಕೆ ಬಳಸಿದರೆ ಎರಡೂವರೆ ಪಟ್ಟು ವ್ಯತ್ಯಾಸ.

ಆತ ಬರುವ ಮೊದಲು ಮನೆಯನ್ನು ಫಿಟ್ಸ್ ಇರುವವರ ಕಣ್ಣಿನಿಂದ ಒಮ್ಮೆ ಸುತ್ತಿ ನೋಡಿ. ನೀರೊಲೆಯ ಹಂಡೆ, ಸೌದೆ ಒಲೆ, ಮುಚ್ಚಳವಿಲ್ಲದ ಸಂಪು, ಗೋಡೆ ಕಟ್ಟದ ಮಹಡಿ. ತೋಟದ ಕೃಷಿಹೊಂಡ ಎಲ್ಲಕ್ಕಿಂತ ಅಪಾಯ: ಪ್ಲಾಸ್ಟಿಕ್ ಹಾಸಿದ ಇಳಿಜಾರಿನಲ್ಲಿ ಜಾರಿದರೆ ಈಜು ಬಲ್ಲವನೂ ಮೇಲೆ ಹತ್ತಲಾರ. ಬೇಲಿ ಇಲ್ಲದಿದ್ದರೆ ಹಾಕಿಸಿದ ಮೇಲೆಯೇ ಕರೆತರುವುದು ಎಂದು ಗಟ್ಟಿಯಾಗಿ ಹೇಳಿ. ಬಚ್ಚಲಿನ ಒಳಚಿಲಕ ತೆಗೆಸಿ, ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ನೀರನ್ನು ಮೊದಲೇ ಬೆರಸಿ ಬಕೆಟ್ಟಿನಲ್ಲಿಟ್ಟು, ಸ್ಟೂಲಿನ ಮೇಲೆ ಕೂತು ಚೊಂಬಿನಲ್ಲಿ ಹಾಕಿಕೊಳ್ಳಲಿ. ಯಾರಾದರೂ ಬಾಗಿಲಾಚೆ ಮಾತಾಡಿಸುತ್ತಿರಲಿ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 2013ರಲ್ಲಿ 18 ವರ್ಷದ ಹುಡುಗನೊಬ್ಬ ತರಬೇತಾದ ಸಿಬ್ಬಂದಿಯಿದ್ದ ಘಟಕದಲ್ಲೇ ಸ್ನಾನದ ತೊಟ್ಟಿಯಲ್ಲಿ ಫಿಟ್ಸ್ ಬಂದು ಮುಳುಗಿ ಸತ್ತ. ರೇಷ್ಮೆ ಮನೆ ಇದ್ದರೆ ಸೋಂಕು ನಿವಾರಕ, ಟೊಮೆಟೊಗೆ ಹೊಡೆಯುವ ಔಷಧಿ ಎಲ್ಲ ಬೀಗದೊಳಗೆ.

ಊಟಕ್ಕೆ ಬರೋಣ. ಸಂಸ್ಥೆಯಲ್ಲಿ ಕಲಸಿದ ಅನ್ನ ತಿಂದವನಿಗೆ ಇಲ್ಲಿ ಸಿಗುವುದು ಮುದ್ದೆ. ಮುದ್ದೆ ಅಗಿಯುವುದಲ್ಲ, ನುಂಗುವುದು. ನುಂಗುವ ಶಕ್ತಿ ಕುಂದಿದವನಿಗೆ, ಅದರಲ್ಲೂ ರಿಸ್ಪೆರಿಡೋನ್‌ನಂಥ ಔಷಧಿಯಲ್ಲಿರುವವನಿಗೆ, ಅಂಟಾದ ತುತ್ತು ಗಂಟಲಲ್ಲಿ ಕೂತರೆ ಉಸಿರೇ ಕಟ್ಟೀತು. ಮೊದಲು ನೆಟ್ಟಗೆ ಕೂರಿಸಿ ಒಂದೊಂದು ಚಮಚ ನೀರು ಮೂರು ಸಲ ಕೊಟ್ಟು ನೋಡಿ. ಕೆಮ್ಮು, ಕಣ್ಣಲ್ಲಿ ನೀರು, ನುಂಗಿದ ಮೇಲೆ ಗೊರಗೊರ ದನಿ ಇದ್ದರೆ ಮುದ್ದೆ ಸದ್ಯಕ್ಕೆ ಬೇಡ, ವೈದ್ಯರಿಗೆ ತೋರಿಸಿ. ತಾಯಿಗೆ ಮಗ ಮುದ್ದೆ ತಿನ್ನಲಿ ಎಂಬ ಆಸೆ ಇರುತ್ತದೆ. ಬಿಸಿ ಸಾರಿನಲ್ಲಿ ಪೂರಾ ಕಿವುಚಿ ಗಟ್ಟಿ ಗಂಜಿಯ ಹದಕ್ಕೆ ತಂದು ಚಮಚದಲ್ಲಿ ಕೊಡುವುದನ್ನು ತೋರಿಸಿಕೊಡಿ. ಅವರೆಕಾಳು ಹಿಸುಕಿದ್ದಾದರೆ ಸರಿ, ಸಿಪ್ಪೆಯದು ಬೇಡ. ಕಡಲೆಬೀಜ, ಕೋಡುಬಳೆ, ಇಡೀ ದ್ರಾಕ್ಷಿ ಬೇಡ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಪದೇ ಪದೇ ಕಫ, ಜ್ವರ ಬರುತ್ತಿದ್ದರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತಿದೆ ಎಂದೇ ಮೊದಲು ಅನುಮಾನಿಸಿ. ಕುಡಿಯುವ ನೀರು ಬೋರ್‌ವೆಲ್‌ನಿಂದ ನೇರ ಬೇಡ, ಶುದ್ಧ ನೀರಿನ ಘಟಕದ್ದಿರಲಿ. ನಿಮ್ಮ ಕಡೆ ಫ್ಲೋರೈಡ್ ಇದ್ದೇ ಇದೆ, ಫಿಟ್ಸ್ ಮಾತ್ರೆಗಳಿಂದ ಮೂಳೆ ಮೊದಲೇ ಸಡಿಲವಾಗಿರುತ್ತದೆ.

ಮಲಬದ್ಧತೆಯನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ. ಬಾಯಿ ಬಿಟ್ಟು ಹೇಳಲಾರದವರಲ್ಲಿ ಜೀವವನ್ನೇ ತೆಗೆದ ಉದಾಹರಣೆಗಳಿವೆ. ಟ್ರೈಹೆಕ್ಸಿಫೆನಿಡಿಲ್ ಕರುಳನ್ನು ನಿಧಾನ ಮಾಡುತ್ತದೆ, ಯಾರಾದರೂ ಕೇಳಿ ಕೊಡದಿದ್ದರೆ ಆತ ನೀರು ಕುಡಿಯದಿರಬಹುದು, ಇದರ ಮೇಲೆ ಕಮೋಡ್ ರೂಢಿಯಾದವನಿಗೆ ಇಲ್ಲಿ ಕುಕ್ಕರಿಸುವ ಕಕ್ಕಸು; ತಡೆದುಕೊಂಡುಬಿಡುತ್ತಾನೆ. ಕ್ಯಾಲೆಂಡರಿನಲ್ಲಿ ಹೋದ ದಿನಕ್ಕೆ ಒಂದು ಗುರುತು ಹಾಕಲು ಅತ್ತಿಗೆಗೆ ಹೇಳಿ. ಮೂರು ದಿನ ಖಾಲಿ ಕಂಡರೆ ನಿಮಗೆ ಫೋನು ಬರಬೇಕು. ಇಸಬಗೋಲ್ ಕೊಟ್ಟುಬಿಡುವ ರೂಢಿಯಿದೆ. ನೀರು ಕುಡಿಯದವರಲ್ಲಿ ಅದೇ ಗಟ್ಟಿಯಾಗಿ ಕರುಳು ಕಟ್ಟುತ್ತದೆ, ಮಲ ಮೆದುವಾಗಿಸುವ ಲ್ಯಾಕ್ಟುಲೋಸ್ ಸಿರಪ್ ವಾಸಿ. ಇನ್ನೊಂದು ಮೋಸ: ಒಳಗೆ ಕಲ್ಲಾದ ಮಲದ ಪಕ್ಕದಿಂದ ನೀರು ನೀರಾಗಿ ಸೋರಿ ಬಟ್ಟೆ ಒದ್ದೆಯಾಗುತ್ತದೆ. ಭೇದಿ ಎಂದು ನಿಲ್ಲಿಸುವ ಮಾತ್ರೆ ಕೊಟ್ಟರೆ ಪೂರ್ತಿ ಕಟ್ಟಿತು. ಹೊಟ್ಟೆ ಮುಟ್ಟಿ ನೋಡದೆ ಭೇದಿ ಎಂದು ತೀರ್ಮಾನಿಸಬೇಡಿ. ಹೊಟ್ಟೆ ಉಬ್ಬಿ ವಾಂತಿಯೂ ಆದರೆ ಮನೆಯಲ್ಲಿ ಏನೂ ಮಾಡದೆ ನೇರ ಆಸ್ಪತ್ರೆಗೆ.

ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳುವುದು, ಹೊಡೆಯುವುದು, ಊಟ ಬಿಡುವುದು ಶುರುವಾದರೆ "ಅವನು ಇರೋದೇ ಹಾಗೆ", "ಗಾಳಿ ಸೋಕಿದೆ" ಎಂಬ ಮಾತು ಬರುತ್ತದೆ. ನೀವು ದೇಹದಿಂದ ಶುರು ಮಾಡಿ: ಹಲ್ಲು, ಕಿವಿಯ ಗುಗ್ಗೆ, ಹೊಟ್ಟೆ, ಮೂತ್ರ, ಕಾಲಿನ ಮುಳ್ಳು. ಕೂತಲ್ಲಿ ಕೂರಲಾರದೆ ಅತ್ತಿತ್ತ ಅಲೆಯುತ್ತಿದ್ದರೆ ಅದು ರಿಸ್ಪೆರಿಡೋನ್‌ನದೇ ಅಡ್ಡಪರಿಣಾಮ ಇರಬಹುದು. ಅದನ್ನೇ ಹುಚ್ಚಾಟ ಎಂದು ಮಾತ್ರೆ ಹೆಚ್ಚಿಸಿದರೆ ಇನ್ನೂ ಕೆಡುತ್ತದೆ. ಅಲರ್ಜಿ, ಲಿವರ್ ತೊಂದರೆ ಇಲ್ಲದಿದ್ದರೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಕೊಟ್ಟು ಒಂದು ಗಂಟೆ ನೋಡಿ. ಶಾಂತನಾದರೆ ನೋವು ಎಲ್ಲಿದೆ ಎಂದು ಹುಡುಕುವುದು ಬಾಕಿ. ದೇಹದಲ್ಲಿ ಏನೂ ಸಿಗದಾಗ ಮಾತ್ರ ದಿನಚರಿ, ಗದ್ದಲ, ಬಿಟ್ಟು ಬಂದ ಗೆಳೆಯರ ನೆನಪು ಇವುಗಳತ್ತ ಹೋಗಿ. ಕೋಣೆಯಲ್ಲಿ ಕೂಡಿ ಹಾಕುವುದು, ಕಂಬಕ್ಕೆ ಕಟ್ಟುವುದು ಎಂದೂ ಇಲ್ಲ. ಕೈಮೀರಿತು ಅನ್ನಿಸಿದ ರಾತ್ರಿ ಮನೆಯವರು 14416ಕ್ಕೆ ಫೋನು ಮಾಡಲಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಉಚಿತ ಸಂಖ್ಯೆ.

ಮನೆಯವರ ವಿಷಯದಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಕಾಗದದಲ್ಲಿ ಅಣ್ಣ ನೋಡಿಕೊಳ್ಳುತ್ತಾನೆ ಎಂದಿರುತ್ತದೆ, ಬಟ್ಟೆ ಒಗೆಯುವುದು ಅತ್ತಿಗೆ. ಅವರಿಲ್ಲದ ಸಭೆಯಲ್ಲಿ ಏನನ್ನೂ ತೀರ್ಮಾನಿಸಬೇಡಿ. ಸ್ನಾನ ಅಣ್ಣನ ಪಾಲಿಗೆ, ಮಾತ್ರೆ ತಾಯಿಯ ಪಾಲಿಗೆ, ಭಾನುವಾರ ಅತ್ತಿಗೆಗೆ ಬಿಡುವು ಎಂದು ಮೊದಲೇ ಹಂಚಿಸಿ. ಆತನಿಗೂ ಕೆಲಸ ಬೇಕು. ಸಂಸ್ಥೆಯಲ್ಲಿ ಕವರ್ ಅಂಟಿಸುತ್ತಿದ್ದವನನ್ನು ಇಲ್ಲಿ ಟಿವಿ ಮುಂದೆ ಕೂರಿಸಿದರೆ ತಿಂಗಳೊಳಗೆ ಮಂಕಾಗುತ್ತಾನೆ. ಹಸುವಿಗೆ ಹುಲ್ಲು ಹಾಕುವುದು, ಡೇರಿಗೆ ಕ್ಯಾನ್ ಹಿಡಿದು ಜೊತೆಗೆ ಹೋಗುವುದು, ಪಾತ್ರೆ ತೊಳೆಯುವುದು, ಯಾವುದಾದರೂ ದಿನಾ ಒಂದೇ ಹೊತ್ತಿಗೆ ಇರಲಿ. ಬರುವ ಮೊದಲು ಒಂದು ಹಗಲು, ಆಮೇಲೆ ಒಂದು ರಾತ್ರಿ, ಆಮೇಲೆ ಮೂರು ದಿನ ಬಂದು ಹೋಗಲಿ, ಮಾತ್ರೆ ಸಮೇತ. ಬರಲು ಇಷ್ಟವಿದೆಯೇ ಎಂಬುದು ಆ ಭೇಟಿಗಳಲ್ಲಿ ಆತನ ಮುಖದಲ್ಲೇ ಕಾಣುತ್ತದೆ; ಅದನ್ನೂ ಬರೆದಿಡಿ.

ಕಾಗದಪತ್ರಕ್ಕೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅವರನ್ನು ಮೊದಲ ದಿನದಿಂದಲೇ ಜೊತೆಗೆ ಹಾಕಿಕೊಳ್ಳಿ. ಆಧಾರ್ ವಿಳಾಸ, ರೇಷನ್ ಕಾರ್ಡಿಗೆ ಹೆಸರು, ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ), ಪಿಂಚಣಿ. 18 ತುಂಬಿದ ಮೇಲೆ ತಂದೆತಾಯಿಯೂ ತಾವಾಗಿಯೇ ಕಾನೂನಿನ ಪೋಷಕರಾಗಿ ಮುಂದುವರಿಯುವುದಿಲ್ಲ. ಬ್ಯಾಂಕು, ಜಮೀನಿನ ವ್ಯವಹಾರಕ್ಕೆ ಬೇಕಾದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಅದು ಬರುವವರೆಗೆ ಚಿಕಿತ್ಸೆ ನಿಲ್ಲಿಸುವ ಅಗತ್ಯವಿಲ್ಲ. ಅದೇ ಟ್ರಸ್ಟಿನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂ.ವರೆಗೆ, ಸೇರಲು ವೈದ್ಯಕೀಯ ಪರೀಕ್ಷೆ ಬೇಡ. ಪ್ರತಿ ವರ್ಷ ನವೀಕರಿಸಬೇಕು, ಮರೆಯುವುದು ಅಲ್ಲೇ.

ಆತ ಬಂದ ಮೇಲೆ ಮೂರು ದಿನದೊಳಗೆ ಮೊದಲ ಭೇಟಿ, ಆರು ವಾರ ವಾರಕ್ಕೊಮ್ಮೆ, ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ನಡುವಿನ ದಿನಗಳಲ್ಲಿ ಆಶಾ ಕಾರ್ಯಕರ್ತೆ ಒಮ್ಮೆ ಇಣುಕಲಿ. ಹೋದಾಗ "ಹೇಗಿದ್ದಾನೆ" ಎಂದು ಕೇಳಿ ಬರಬೇಡಿ. ಉಳಿದ ಮಾತ್ರೆ ಎಣಿಸಿ, ಒಂದೇ ತೂಕದ ಯಂತ್ರದಲ್ಲಿ ತೂಗಿ, ಫಿಟ್ಸ್ ಮತ್ತು ಮಲದ ಗುರುತು ನೋಡಿ, ಮೈಮೇಲೆ ಗಾಯದ ಕಲೆ ಇದೆಯೇ ಗಮನಿಸಿ, ಆತನ ಜೊತೆ ಹತ್ತು ನಿಮಿಷ ಒಬ್ಬರೇ ಕೂರಿ. ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿದಿದ್ದರೆ, ಅಂದರೆ 50 ಕೆ.ಜಿ.ಯವನು ಎರಡೂವರೆ ಕೆ.ಜಿ. ಕಳೆದುಕೊಂಡಿದ್ದರೆ, ಕಾರಣ ಸಿಗುವವರೆಗೆ ಬಿಡಬೇಡಿ.

ಇನ್ನೊಂದು ಕೆಲಸ ಈ ವಾರವೇ ಆಗಬೇಕು. ಮೂರು ತಿಂಗಳು ಆತನ ಜಾಗವನ್ನು ಬೇರೆಯವರಿಗೆ ಕೊಡುವುದಿಲ್ಲ, ಅಲ್ಲಿಯವರೆಗೆ ಆತನನ್ನು ಬಲ್ಲ ಸಿಬ್ಬಂದಿಯೊಬ್ಬರು ಫೋನಿಗೆ ಸಿಗುತ್ತಾರೆ ಎಂದು ಸಂಸ್ಥೆಯಿಂದ ಲಿಖಿತವಾಗಿ ಪಡೆಯಿರಿ. ಕೊಡಲು ಹಿಂದೇಟು ಹಾಕಿದರೆ ನಿಮ್ಮ ವೈದ್ಯಾಧಿಕಾರಿಯ ಮೂಲಕ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಪತ್ರ ಹಾಕಿ, ದಿನಾಂಕ ಮುಂದೂಡುವ ಕೋರಿಕೆಯನ್ನೂ ಅದೇ ಪತ್ರದಲ್ಲಿ ಸೇರಿಸಿ.